ತೆರಿಗೆಯಿಲ್ಲದ ಲಾಭ ಮತ್ತು ಒಡೆತನದ ಹೊಣೆ

ತೆರಿಗೆ ಕೊಡದೆ ಗಳಿಸಿದ ಹಣವೆಲ್ಲವೂ ಅನ್ಯಾಯದ್ದೇ ಆಗಬೇಕೆಂದಿಲ್ಲ. ಕಾನೂನೇ ಬಿಟ್ಟುಕೊಟ್ಟ ತೆರಿಗೆಯನ್ನು ಉಳಿಸಿಕೊಳ್ಳುವುದು ಉಳಿತಾಯ. ಕೊಡಲೇಬೇಕಾದುದನ್ನು ಮರೆಮಾಚುವುದು ಕಳವು. ಈ ಭೇದವನ್ನು ಒಪ್ಪಿದ ಬಳಿಕವೂ ಒಂದು ಪ್ರಶ್ನೆ ಉಳಿಯುತ್ತದೆ. ತೆರಿಗೆಯಿಂದ ಬಿಡುಗಡೆ ಪಡೆದವನು ಒಡೆತನದ ಹೊಣೆಯಿಂದಲೂ ಬಿಡುಗಡೆ ಪಡೆದನೇ?

ಇದನ್ನು ವಿಚಾರಿಸಲು ಬ್ರಿಟನ್ನಿನ ಉದಾಹರಣೆ ಯೋಗ್ಯವಾಗಿದೆ. ಅಲ್ಲಿನ ಅರ್ಥಸಚಿವ ನೈಜೆಲ್ ಲಾಸನ್ ಅವರು 1986ರ ಮುಂಗಡಪತ್ರದಲ್ಲಿ ಸಾರಿದ ಪರ್ಸನಲ್ ಈಕ್ವಿಟಿ ಪ್ಲಾನ್ 1987ರ ಜನವರಿಯಿಂದ ಜಾರಿಗೆ ಬಂದಿತು. ಜನಸಾಮಾನ್ಯರೂ ಕಂಪನಿಗಳ ಪಾಲುದಾರರಾಗಲಿ ಎಂಬುದು ಅದರ ಉದ್ದೇಶ. 1999ರ ಏಪ್ರಿಲಿನಲ್ಲಿ ಅದರ ಸ್ಥಾನಕ್ಕೆ ಇಂಡಿವಿಜುವಲ್ ಸೇವಿಂಗ್ಸ್ ಅಕೌಂಟ್, ಅಂದರೆ ಐಸಾ, ಬಂದಿತು. ವಯಸ್ಕನೊಬ್ಬನು ವರ್ಷವೊಂದಕ್ಕೆ ತೊಡಗಿಸಬಹುದಾದ ಮೊತ್ತ 2017ರಿಂದ 20,000 ಪೌಂಡು. ಅದರೊಳಗಿನ ಷೇರುಗಳ ಲಾಭಾಂಶಕ್ಕೂ ತೆರಿಗೆಯಿಲ್ಲ, ಮಾರಿದಾಗ ಬರುವ ಲಾಭಕ್ಕೂ ತೆರಿಗೆಯಿಲ್ಲ. ಯೋಜನೆಯ ಹೊರಗಾದರೋ, 2024ರ ಏಪ್ರಿಲಿನಿಂದ ಲಾಭಾಂಶಕ್ಕೆಂದೇ ಇರುವ ವಿನಾಯಿತಿ ಕೇವಲ 500 ಪೌಂಡಿಗೆ, ಮಾರಾಟದ ಲಾಭದ ವಿನಾಯಿತಿ 3,000 ಪೌಂಡಿಗೆ ಇಳಿದಿದೆ.

ಈ ಮಿತಿಯು ವರ್ಷದ ಮಿತಿಯೇ ಹೊರತು ಒಟ್ಟು ಸಂಗ್ರಹದ ಮಿತಿಯಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಪ್ರತಿವರ್ಷ ಪೂರ್ಣ ಮೊತ್ತವನ್ನು ತೊಡಗಿಸಬಲ್ಲವನಿಗೆ ಪೂರ್ಣ ವಿನಾಯಿತಿ. ಉಳಿಸಲು ಏನೂ ಇಲ್ಲದವನಿಗೆ ಏನೂ ಇಲ್ಲ. ಬೊಕ್ಕಸವು ಒಬ್ಬನಿಗೆ ಬಿಟ್ಟುಕೊಟ್ಟ ಹಣವನ್ನು ಇನ್ನೊಬ್ಬನಿಂದ ಪಡೆಯಬೇಕು, ಇಲ್ಲವೇ ಯಾವುದಾದರೊಂದು ಲೋಕೋಪಯೋಗಿ ಕಾರ್ಯವನ್ನು ಕಡಿಮೆ ಮಾಡಬೇಕು. ಹೀಗಿರುವಾಗ ವಿನಾಯಿತಿಯು ಸಹನಾಗರಿಕರು ಕೊಟ್ಟ ಕೊಡುಗೆಯೇ ಸರಿ. ಅದನ್ನು ಸ್ವೀಕರಿಸುವುದು ದೋಷವಲ್ಲ. ಸ್ವೀಕರಿಸಿ ಅದರ ಉದ್ದೇಶವನ್ನು ಮರೆಯುವುದು ದೋಷ.

ಉದ್ದೇಶವಾದರೋ ಜನರನ್ನು ಒಡೆಯರನ್ನಾಗಿ ಮಾಡುವುದು. ಆದರೆ ಐಸಾದಲ್ಲಿನ ಷೇರು ಸಾಮಾನ್ಯವಾಗಿ ಕಂಪನಿಯ ದಾಖಲೆಯಲ್ಲಿ ಹೂಡಿಕೆದಾರನ ಹೆಸರಿನಲ್ಲಿರುವುದಿಲ್ಲ. ಯೋಜನೆಯನ್ನು ನಡೆಸುವ ಸಂಸ್ಥೆಯು ಗೊತ್ತುಪಡಿಸಿದ ಹೆಸರಿನಲ್ಲಿರುತ್ತದೆ. ಹೂಡಿಕೆದಾರನು ಕೇಳಿಕೊಂಡರೆ ವಾರ್ಷಿಕ ವರದಿಯನ್ನು ತರಿಸಿಕೊಡಲು, ಸಭೆಗೆ ಹೋಗಲು ಮತ್ತು ಮತ ನೀಡಲು ಆ ಸಂಸ್ಥೆ ಅನುವು ಮಾಡಿಕೊಡಬೇಕೆಂದು ನಿಯಮವಿದೆ. ಲಾಭಾಂಶವು ಕೇಳದೆ ಬರುತ್ತದೆ. ಮತಾಧಿಕಾರವು ಕೇಳಿದರೆ ಮಾತ್ರ ಬರುತ್ತದೆ. ಕೇಳದೆ ಕುಳಿತವನಿಗೆ ಒಡೆತನದ ಫಲವಷ್ಟೇ ಉಳಿಯುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಬರುವುದುಂಟು. ಕೋಟಿಗಟ್ಟಲೆ ಷೇರುಗಳ ನಡುವೆ ನನ್ನ ನೂರು ಷೇರಿನ ಮತಕ್ಕೆ ಬೆಲೆಯೇನು ಎಂಬುದು ಮೊದಲನೆಯದು. ಪಾಲು ಅಲ್ಪವೆಂದು ಲಾಭಾಂಶವನ್ನು ಹಿಂದಿರುಗಿಸಿದವರು ಯಾರೂ ಇಲ್ಲ. ಅಲ್ಪತ್ವವು ಹೊಣೆಯ ಪ್ರಮಾಣವನ್ನು ಕುಗ್ಗಿಸಬಹುದೇ ಹೊರತು ಹೊಣೆಯನ್ನು ಅಳಿಸಲಾರದು. ಷೇರನ್ನು ಮಾರುಕಟ್ಟೆಯಲ್ಲಿ ಬೇರೊಬ್ಬರಿಂದ ಕೊಂಡೆ, ಕಂಪನಿಗೆ ನನ್ನ ಹಣ ಹೋಗಲೇ ಇಲ್ಲ ಎಂಬುದು ಎರಡನೆಯದು. ಇದು ನಿಜ, ಆದರೆ ಹಣ ಹೋಗದಿದ್ದರೂ ಫಲ ಬರುವುದು ಆ ಕಂಪನಿಯ ವ್ಯವಹಾರದಿಂದಲೇ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಎಂಬ ಮೂರರಲ್ಲಿ ಷೇರುದಾರನು ಮೊದಲೆರಡರಿಂದ ದೂರವಿರಬಹುದು. ತಿಳಿದೂ ಸುಮ್ಮನಿದ್ದು ವರ್ಷವರ್ಷವೂ ಫಲವನ್ನು ಪಡೆಯುವವನು ಮೂರನೆಯದರಿಂದ ಪಾರಾಗಲಾರನು.

ಹಾಗಾದರೆ ಮಾಡಬೇಕಾದುದೇನು? ಬಹಳವೇನಿಲ್ಲ. ಯಾವ ಕಂಪನಿ ಯಾವ ಕೆಲಸದಿಂದ ಗಳಿಸುತ್ತದೆಂಬುದನ್ನು ಅರಿಯಬೇಕು, ವರದಿಯನ್ನು ತರಿಸಿ ಓದಬೇಕು, ಮತವನ್ನು ಕೇಳಿ ಪಡೆಯಬೇಕು. ಆ ಕೆಲಸಕ್ಕೆ ಮನಸ್ಸು ಒಪ್ಪದಿದ್ದರೆ ಮಾರಿ ಹೊರಬರಬೇಕು. ಸಾಮಾನ್ಯ ಷೇರುದಾರನು, ಮಾರಿದರೆ ತೆರಿಗೆ ಬೀಳುತ್ತದೆಂದು ಅಸಹ್ಯವಾದುದನ್ನೂ ಹಿಡಿದುಕೊಂಡಿರಬಹುದು. ಐಸಾದವನಿಗೆ ಆ ನೆಪವಿಲ್ಲ; ಅವನು ಮಾರಿ, ಅದೇ ಯೋಜನೆಯೊಳಗೆ ಬೇರೊಂದನ್ನು ಕೊಳ್ಳಬಹುದು. ತೆರಿಗೆಯ ವಿನಾಯಿತಿಯು ಅವನ ವಿವೇಕಕ್ಕೆ ದಾರಿಯನ್ನು ಸುಗಮಗೊಳಿಸಿದೆ. ಆ ದಾರಿಯಲ್ಲಿ ನಡೆಯುವುದು ಮಾತ್ರ ಅವನಿಗೇ ಬಿಟ್ಟುದು.