ಜೀರ್ಣೋದ್ಧಾರವೂ ಸತ್ಯವೂ

ಮಳೆ, ಬಿಸಿಲು, ಮರದ ಬೇರು ಇವು ಕಟ್ಟಡವನ್ನು ಶಿಥಿಲಗೊಳಿಸಿದರೆ ನಾವು ಯಾರನ್ನೂ ದೂಷಿಸುವುದಿಲ್ಲ, ಜೀರ್ಣೋದ್ಧಾರಕ್ಕೆ ತೊಡಗುತ್ತೇವೆ. ಆದರೆ ಮನುಷ್ಯನು ಬುದ್ಧಿಪೂರ್ವಕವಾಗಿ ಕೆಡವಿದ್ದನ್ನು ಮತ್ತೆ ಕಟ್ಟುವಾಗ, ಕೆಡವಿದ ಸಂಗತಿಯನ್ನು ಏನು ಮಾಡಬೇಕು? ಮರೆಸಬೇಕೆ, ಉಳಿಸಬೇಕೆ? ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಈ ಪ್ರಶ್ನೆ ಎದುರಾಯಿತು.

1945ರ ಫೆಬ್ರವರಿ 13ರ ರಾತ್ರಿ ಆರಂಭವಾದ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನದಾಳಿಯಲ್ಲಿ ಅಲ್ಲಿ ಸುಮಾರು 25,000 ಜನ ಅಸುನೀಗಿದರು. 1743ರಲ್ಲಿ ಪೂರ್ಣಗೊಂಡಿದ್ದ ಫ್ರೌವೆನ್‌ಕಿರ್ಖೆ ಎಂಬ ಇಗರ್ಜಿಯ ಮಹಾಗುಮ್ಮಟವು ದಾಳಿಯ ರಾತ್ರಿ ನಿಂತೇ ಇತ್ತು. ಒಳಗಿನ ಬೆಂಕಿಯ ಕಾವಿಗೆ ಕಂಬಗಳು ಸೋತು 15ರ ಬೆಳಿಗ್ಗೆ ಕುಸಿಯಿತು. ಅನಂತರ ದಶಕಗಳ ಕಾಲ ಅದು ಕಲ್ಲುಗುಡ್ಡೆಯಾಗಿಯೇ ಉಳಿದಿತ್ತು. 1994ರಲ್ಲಿ ಪುನರ್ನಿರ್ಮಾಣ ಆರಂಭವಾಗಿ, 2005ರ ಅಕ್ಟೋಬರ್ 30ರಂದು ಇಗರ್ಜಿಯು ಮತ್ತೆ ಪೂಜೆಗೆ ತೆರೆಯಿತು. ಗುಡ್ಡೆಯಿಂದ ಆಯ್ದ ಹಳೆಯ ಕಲ್ಲುಗಳನ್ನು ಅಳೆದು, ಸಾಧ್ಯವಾದಷ್ಟನ್ನು ಮೂಲಸ್ಥಾನದಲ್ಲಿಯೇ ಇಟ್ಟರು. ಹೊಸ ಕಲ್ಲಿನ ನಡುವೆ ಅವು ಕಪ್ಪಾಗಿ ಎದ್ದು ಕಾಣುತ್ತವೆ. ಗುಮ್ಮಟದ ಮೇಲಿನ ಶಿಲುಬೆಯನ್ನು ರೂಪಿಸಿದವನು ಲಂಡನ್ನಿನ ಅಕ್ಕಸಾಲಿಗ. ದಾಳಿ ನಡೆಸಿದ ವಿಮಾನಚಾಲಕರೊಬ್ಬರ ಮಗ. ಕ್ಷಮೆ ಕೇಳುವ ರೀತಿ ಇದಕ್ಕಿಂತ ಉತ್ತಮವಾಗಿರಲಾರದೇನೋ.

ಕಪ್ಪು ಕಲ್ಲನ್ನು ಯುದ್ಧದ ಗಾಯವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಆ ಪ್ರದೇಶದ ಮರಳುಗಲ್ಲು ವಯಸ್ಸಾದಂತೆ ತಾನಾಗಿಯೇ ಕಪ್ಪಾಗುತ್ತದೆ. ಹೊಸ ಕಲ್ಲೂ ಒಂದು ದಿನ ಕಪ್ಪಾಗಿ, ಹಳೆಯದು ಹೊಸದೆಂಬ ಭೇದವೇ ಅಳಿಯುವುದು. ಕಲ್ಲು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುತ್ತದೆಂದು ನಂಬಿ ಕೂರುವಂತಿಲ್ಲ.

ಅದೇ ಊರಿನಲ್ಲಿ ಇದಕ್ಕೂ ಮೊದಲು ಉರಿದ ಮತ್ತೊಂದು ಮಂದಿರವುಂಟು. ಗಾಟ್‌ಫ್ರೀಡ್ ಜೆಂಪರ್ ರೂಪಿಸಿ 1840ರಲ್ಲಿ ಪೂರ್ಣಗೊಂಡ ಯೆಹೂದ್ಯರ ಪ್ರಾರ್ಥನಾಮಂದಿರವದು. 1938ರ ನವೆಂಬರ್ 9ರ ರಾತ್ರಿ ಅದಕ್ಕೆ ಬೆಂಕಿಯಿಟ್ಟವರು ಪರದೇಶದ ವೈಮಾನಿಕರಲ್ಲ, ಸ್ವದೇಶದ ನಾಜಿಗಳು. ಪರರು ನಮಗೆ ಮಾಡಿದ ಹಿಂಸೆಯನ್ನು ಸ್ಮರಿಸುವುದು ಸುಲಭ. ನಮ್ಮವರೇ ಮಾಡಿದ ಹಿಂಸೆಯ ಸ್ಮರಣೆಗೆ ಮನಸ್ಸು ಹಿಂಜರಿಯುತ್ತದೆ. ಗುಮ್ಮಟವನ್ನು ಯಥಾವತ್ತಾಗಿ ಕಟ್ಟಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಅದನ್ನು ಮಾತ್ರ ನೋಡಿ ಮರಳುವವನಿಗೆ ಡ್ರೆಸ್ಡನ್ ಕೇವಲ ನೊಂದ ನಗರವಾಗಿ ತೋರುವುದು, ಅದು ಅರ್ಧಸತ್ಯ.

ಪ್ರಾರ್ಥನಾಮಂದಿರವನ್ನು ಹಳೆಯ ರೂಪದಲ್ಲಿ ಕಟ್ಟಲಿಲ್ಲ. ಅಲ್ಲಿ ಪ್ರಾರ್ಥಿಸುತ್ತಿದ್ದವರಲ್ಲಿ ಬಹುಮಂದಿ ದೇಶಾಂತರ ಹೋಗಿದ್ದರು, ಇಲ್ಲವೆ ಕೊಲ್ಲಲ್ಪಟ್ಟಿದ್ದರು. ಅದೇ ಗೋಡೆಗಳನ್ನು ಎಬ್ಬಿಸಿದರೆ ಏನೂ ನಡೆಯಲೇ ಇಲ್ಲವೆಂಬ ಭ್ರಮೆ ಹುಟ್ಟುತ್ತಿತ್ತು. 2001ರ ನವೆಂಬರ್ 9ರಂದು ತೆರೆದ ಹೊಸ ಮಂದಿರಕ್ಕೆ ಅಲಂಕಾರವಿಲ್ಲ. ಸಾದಾ ಗೋಡೆಗಳು ಮೇಲೇರುತ್ತ ತಿರುಚಿಕೊಂಡಿವೆ. ಬೆಂಕಿಯ ರಾತ್ರಿ ಹಳೆಯ ಮಂದಿರದ ನಕ್ಷತ್ರವೊಂದನ್ನು ಅಗ್ನಿಶಾಮಕ ದಳದವನೊಬ್ಬ ಉಳಿಸಿ ಬಚ್ಚಿಟ್ಟಿದ್ದನು. ಅದು ಈಗ ಬಾಗಿಲ ಮೇಲಿದೆ.