ದೇಶವ್ರತವೂ ಮೊಬೈಲ್ ಫೋನೂ

ಉಪವಾಸವೆಂದರೆ ಆಹಾರತ್ಯಾಗ ಎಂಬುದು ಲೋಕರೂಢಿ. ಆಚಾರ್ಯರು ಆ ಶಬ್ದಕ್ಕೆ ಹೇಳಿದ ಅರ್ಥವು ಇದಕ್ಕಿಂತ ವಿಶಾಲವಾದುದು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದಾಚಾರ್ಯರ ಪ್ರಕಾರ, ಪಂಚೇಂದ್ರಿಯಗಳು ಶಬ್ದವೇ ಮೊದಲಾದ ವಿಷಯಗಳ ಮೇಲಿನ ಔತ್ಸುಕ್ಯವನ್ನು ತೊರೆದು ಒಳಗೆ ಬಂದು ನೆಲೆಸುವುದೇ ಉಪವಾಸ. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನೂ ವರ್ಜಿಸಬೇಕೆಂದು ವಿಧಿಸಿದ್ದಾರೆ. ಹೊಟ್ಟೆಯನ್ನು ಬರಿದಾಗಿಟ್ಟು ಕಣ್ಣು ಕಿವಿಗಳಿಗೆ ಮಾತ್ರ ಎಡೆಬಿಡದೆ ಉಣಿಸಿದರೆ ವ್ರತವು ಅರ್ಧವೇ ಆಯಿತೆಂಬುದು ಇದರ ತಾತ್ಪರ್ಯ.

ನಿಪ್ಪಾಣಿ ತಾಲೂಕಿನ ಬೋರಗಾಂವ ಮತ್ತು ಅದರ ಸುತ್ತಲಿನ ನಾಡಿಗೆ ವ್ರತದ ಮಾತು ಹೊಸದಲ್ಲ. ಸಮೀಪದ ಭೋಜ ಗ್ರಾಮದಲ್ಲಿ ಬೆಳೆದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸಾಧಿಸಿದರು. 1946ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿಯಲ್ಲಿ ಡೋಂಗರಗಡದಲ್ಲಿ ಸಮಾಧಿಸ್ಥರಾದರು. ಇಂಥ ನೆಲದ ಶ್ರಾವಕರ ಮನೆಗಳಲ್ಲಿ ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳ ಉಪವಾಸ ಇಂದಿಗೂ ನಡೆದಿದೆ. ಆದರೆ ಅದೇ ಮನೆಗಳಲ್ಲಿ ಇಂದು ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನು ಇದೆ. ಭಾರತದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಕರೆ ನಡೆಯಿತು. ಮೂರು ದಶಕಗಳಲ್ಲಿ ಆ ಯಂತ್ರವು ಜಿನಮಂದಿರದ ಅಂಗಳವನ್ನೂ ಹೊಲದ ಬದುವನ್ನೂ ತಲುಪಿದೆ. ಉಪವಾಸದ ದಿನ ಇದನ್ನು ಏನು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ, ಮನಸ್ಸಿನ ಸ್ವಾಸ್ಥ್ಯದ ಪ್ರಶ್ನೆಯೇ ಅದರಲ್ಲಿ ಅಡಗಿದೆ.

ಈ ಯಂತ್ರದಿಂದ ಹುಟ್ಟುವ ತಳಮಳವನ್ನು ವೈದ್ಯರು ಗುರುತಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಹೆಸರು ಹೊಸದಾದರೂ ಈ ಕ್ಲೇಶದ ಸ್ವರೂಪವು ಜೈನಶಾಸ್ತ್ರಕ್ಕೆ ಅಪರಿಚಿತವಲ್ಲ. ಅದನ್ನು ಆರ್ತಧ್ಯಾನವೆಂದು ಕರೆದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಡದುದು ಬಂದು ಸೇರಿದಾಗಿನ ಚಿಂತೆ ಮೊದಲನೆಯದು: ಸಾಲದ ತಗಾದೆ, ನಿಂದೆಯ ಮಾತು, ಕೆಟ್ಟ ಸುದ್ದಿ ಹೊತ್ತುಗೊತ್ತಿಲ್ಲದೆ ಅಂಗೈಗೆ ಬರುತ್ತವೆ. ಪ್ರಿಯವಾದುದು ದೂರವಾದಾಗಿನ ಚಿಂತೆ ಎರಡನೆಯದು: ಪುಣೆಯಲ್ಲಿರುವ ಮಗನು ಸಂದೇಶವನ್ನು ಓದಿಯೂ ಉತ್ತರಿಸಲಿಲ್ಲವೆಂದು ತಾಯಿ ರಾತ್ರಿಯೆಲ್ಲ ಕೊರಗುತ್ತಾಳೆ. ಮೂರನೆಯದು ದೇಹಪೀಡೆಯ ಚಿಂತೆ: ಕಣ್ಣಿನ ಉರಿ, ಕುತ್ತಿಗೆಯ ನೋವು, ಕೆಟ್ಟ ನಿದ್ದೆ. ನಾಲ್ಕನೆಯದು ನಿದಾನ, ಎಂದರೆ ಭೋಗದ ಹಂಬಲ: ಪರರ ಹೊಸ ಮನೆ, ಮದುವೆಯ ವೈಭವ, ಪ್ರವಾಸಗಳನ್ನು ಕಂಡು ತನಗೂ ಅದು ಬೇಕೆಂದು ಮನಸ್ಸು ಬೇಯುತ್ತದೆ. ಮೊದಲು ಬೇರೆ ಬೇರೆ ಕಾಲಗಳಲ್ಲಿ ಬರುತ್ತಿದ್ದ ಈ ನಾಲ್ಕೂ ಈಗ ಒಂದೇ ತಾಸಿನಲ್ಲಿ ಬರುತ್ತವೆ. ಇದೇ ಈ ಕಾಲದ ಹೊಸತನ.

ಹಾಗೆಂದು ಯಂತ್ರವನ್ನೇ ಪಾಪವೆನ್ನುವುದು ವಿಚಾರವಂತರಿಗೆ ಸಲ್ಲದು. ಅದು ಪುದ್ಗಲ, ರಾಗದ್ವೇಷಗಳು ಜೀವನ ಭಾವಗಳು. ಕಬ್ಬು ಕಡಿಯುವ ತಂಡ ಎಂದು ಬರುವುದು, ಪಂಪ್‌ಸೆಟ್ಟಿಗೆ ವಿದ್ಯುತ್ತು ಯಾವಾಗ ದೊರೆಯುವುದು ಎಂಬುದನ್ನು ರೈತನು ಫೋನಿನಿಂದಲೇ ತಿಳಿಯುತ್ತಾನೆ. ಅಂಗಡಿಯ ಲೆಕ್ಕ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಅದರಲ್ಲಿಯೇ ನಡೆಯುತ್ತವೆ. ಒಂಟಿಯಾಗಿರುವ ವೃದ್ಧರಿಗೆ ಆಪತ್ತಿನಲ್ಲಿ ಅದೇ ಆಸರೆ. ಮುನಿಗಳ ತ್ಯಾಗ ಮಹಾವ್ರತ. ಗೃಹಸ್ಥನದು ಅಳತೆಯ ವ್ರತ. ಆದುದರಿಂದ ಕೇಳಬೇಕಾದ ಪ್ರಶ್ನೆ ಫೋನು ಬೇಕೇ ಬೇಡವೇ ಎಂಬುದಲ್ಲ. ಅದಕ್ಕೆ ಎಲ್ಲೆ ಯಾವುದು ಎಂಬುದು.

ಈ ಎಲ್ಲೆಯ ವಿಚಾರದಲ್ಲಿ ದೇಶವ್ರತವು ದಾರಿ ತೋರುತ್ತದೆ. ದಿಗ್ವ್ರತದಲ್ಲಿ ಜೀವನಪರ್ಯಂತ ದಿಕ್ಕುಗಳಿಗೆ ಮೇರೆ ಹಾಕಿಕೊಂಡ ಶ್ರಾವಕನು, ಅದರೊಳಗೆ ಒಂದು ದಿನಕ್ಕೋ ಪಕ್ಷಕ್ಕೋ ಮಾಸಕ್ಕೋ ಮನೆ, ಊರು, ಹೊಲ, ಹೊಳೆ ಎಂದು ಇನ್ನೂ ಕಿರಿದಾದ ಮೇರೆಯನ್ನು ಗೊತ್ತುಪಡಿಸಿಕೊಳ್ಳುವುದೇ ದೇಶವ್ರತ. ಇದಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಮೇರೆಯ ಆಚೆಯಿಂದ ವಸ್ತುವನ್ನು ತರಿಸುವುದು ಆನಯನ. ಮೇರೆಯ ಆಚೆ ಆಳನ್ನು ನೇಮಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ಕೂಗಿಯೋ ಆಚೆಯವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಗಮನ ಸೆಳೆಯುವುದು ರೂಪಾನುಪಾತ. ಹೆಂಟೆ ಮೊದಲಾದುವನ್ನು ಎಸೆದು ಎಚ್ಚರಿಸುವುದು ಪುದ್ಗಲಕ್ಷೇಪ. ಐದರಲ್ಲಿಯೂ ದೇಹವು ಮೇರೆಯೊಳಗೇ ಇದೆ, ಕಾಲು ಗೆರೆ ದಾಟಿಲ್ಲ. ಆದರೆ ಇಚ್ಛೆಯು ದಾಟಿದೆ.

ಇವನ್ನು ಇಂದಿನ ಫೋನಿನ ಬಳಿಯಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಕುಳಿತಲ್ಲಿಂದಲೇ ಸರಕು ತರಿಸುವುದು, ದೂರದವರಿಗೆ ಕೆಲಸ ಹೇಳುವುದು, ಧ್ವನಿಯನ್ನು ಕಳುಹಿಸುವುದು, ವೀಡಿಯೋ ಕರೆಯಲ್ಲಿ ಮುಖ ತೋರಿಸುವುದು, ಸಂದೇಶವನ್ನು ಎಸೆಯುವುದು—ಐದು ಅತಿಚಾರಗಳಿಗೂ ಒಂದೇ ಉಪಕರಣ ಸಾಕು. ಇವೆಲ್ಲ ಸ್ವತಃ ದುಷ್ಕೃತ್ಯಗಳಲ್ಲ. ಮೇರೆಯನ್ನು ಸಂಕಲ್ಪಿಸಿದ ಹೊತ್ತಿನಲ್ಲಿ ಮಾತ್ರ ದೋಷಗಳು. ಮೇರೆಯೇ ಇಲ್ಲದ ಹೊತ್ತು ದಿನದಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಆದಾಗ ಮನಸ್ಸು ದಣಿಯುತ್ತದೆ. ಮನೆಯಲ್ಲಿ ಕುಳಿತವನು ಎಲ್ಲಿಯೂ ಕುಳಿತಂತಾಗುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಐದು ಅತಿಚಾರಗಳಲ್ಲಿ ಒಂದೂ ಕೇಳಿಸಿಕೊಳ್ಳುವವನ ದೋಷವಲ್ಲ. ಎಲ್ಲವೂ ಕೂಗುವವನ, ತೋರಿಸುವವನ, ಎಸೆಯುವವನ ದೋಷಗಳು. ಫೋನಿನ ಕಾಟವನ್ನು ಕುರಿತು ದೂರುವಾಗ ಪ್ರತಿಯೊಬ್ಬರೂ ತಮ್ಮ ಅಂಗಳಕ್ಕೆ ಬಿದ್ದ ಹೆಂಟೆಗಳನ್ನು ಎಣಿಸುತ್ತಾರೆ. ತಾವು ಎಸೆದುವನ್ನು ಎಣಿಸುವವರು ವಿರಳ. ರಾತ್ರಿ ಹತ್ತು ಗಂಟೆಗೆ ಕೆಲಸಗಾರನಿಗೆ ಆಜ್ಞೆ ಕಳುಹಿಸಿ ಒಡನೆಯೇ ಉತ್ತರ ಬಯಸುವ ಒಡೆಯನು, ದೃಢಪಡದ ಸುದ್ದಿಯನ್ನು ನೂರು ಮನೆಗಳಿಗೆ ಹಂಚುವವನು, ಪಾರಣೆಯ ಚಿತ್ರವನ್ನು ಎಲ್ಲರಿಗೂ ತೋರಿಸಿ ಮೆಚ್ಚುಗೆಗೆ ಕಾಯುವವನು—ಇವರು ಪರರ ಚಿತ್ತಶಾಂತಿಯನ್ನು ಅರಿಯದೆಯೇ ಕಲಕುತ್ತಾರೆ. ಚಾಕರಿಯಲ್ಲಿರುವ ಮಗನು ಒಡೆಯನ ಅಪ್ಪಣೆಯಿಲ್ಲದೆ ಫೋನನ್ನು ಮುಚ್ಚಲಾರನು. ಆದರೆ ಒಡೆಯನು ಕಳುಹಿಸದೆ ಇರಬಲ್ಲನು. ಆದುದರಿಂದ ಈ ವ್ರತವು ಬಲ್ಲಿದನಿಂದ ಮೊದಲಾಗುವುದು ನ್ಯಾಯ. ಅಹಿಂಸಾಣುವ್ರತಿಯು ಕಾಲಿನ ಕೆಳಗಿನ ಇರುವೆಯನ್ನು ನೋಡಿ ನಡೆಯುವಂತೆ, ಬೆರಳಿನ ಆಚೆಯಿರುವ ಮನಸ್ಸನ್ನೂ ನೆನೆದು ಕಳುಹಿಸಬೇಕು.

ಒಂದು ಬಲವಾದ ಆಕ್ಷೇಪವುಂಟು. ಫೋನನ್ನು ಮುಚ್ಚಿಟ್ಟ ಹೊತ್ತಿನಲ್ಲಿಯೇ ತಂದೆಗೆ ಎದೆನೋವು ಬಂದರೆ, ಆ ವ್ರತವು ನಿರ್ದಯೆಯಾಗದೆ? ಆಕ್ಷೇಪವು ಸಾಧುವಾದುದು, ಪರರ ಪ್ರಾಣದ ಬೆಲೆಯಿಂದ ಕೊಂಡ ಶಾಂತಿಯು ಧರ್ಮವಲ್ಲ. ಇದಕ್ಕೆ ಪರಿಹಾರವು ವ್ರತವನ್ನು ಬಿಡುವುದಲ್ಲ, ಮೇರೆಯನ್ನು ವಿವೇಕದಿಂದ ಹಾಕುವುದು. ಅಪವಾದವನ್ನು ಸಂಕಲ್ಪದ ಸಮಯದಲ್ಲಿಯೇ ಹೇಳಿಕೊಳ್ಳಬೇಕು. ಆಸೆ ಬಂದಾಗ ಹುಡುಕಿ ತೆಗೆದ ಅಪವಾದವು ಅಪವಾದವಲ್ಲ. ಮನೆಯಲ್ಲಿ ಒಂದು ಫೋನನ್ನು ಕರೆಗಷ್ಟೇ ಮೀಸಲಾಗಿಟ್ಟು, ಆ ಸಂಖ್ಯೆಯನ್ನು ಬಂಧುಗಳಿಗೆ ಮೊದಲೇ ತಿಳಿಸಬಹುದು. ಶಕ್ತಿಯನ್ನು ಮೀರಿದ ವ್ರತವೂ ಬೇಡ. ತ್ಯಾಗವು ಶಕ್ತ್ಯನುಸಾರ ಇರಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿ ಒಂದು. ದಿನವಿಡೀ ಬಿಡುತ್ತೇನೆಂದು ಹೊರಟು ಮಧ್ಯಾಹ್ನಕ್ಕೆ ಮುರಿಯುವುದಕ್ಕಿಂತ, ಸಾಮಾಯಿಕದ ಒಂದು ಮುಹೂರ್ತವನ್ನು, ಎಂದರೆ 48 ನಿಮಿಷಗಳನ್ನು, ಅಖಂಡವಾಗಿ ಪಾಲಿಸುವುದು ಮೇಲು.

ಒಬ್ಬನೇ ಆಚರಿಸಿದರೆ ಕಠಿಣವಾದುದು ಊರೆಲ್ಲ ಆಚರಿಸಿದರೆ ಸುಲಭವಾಗುತ್ತದೆ. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಿಂದ ಸಂಜೆ 7 ಗಂಟೆಗೆ ಗುಡಿಯಿಂದ ಸೈರನ್ ಮೊಳಗಿಸಿ, ಒಂದೂವರೆ ತಾಸು ಫೋನು, ಟಿವಿಗಳನ್ನು ಬಂದು ಮಾಡುವ ಏರ್ಪಾಡು ಮಾಡಿಕೊಂಡರು. ಮಕ್ಕಳು ಓದಲಿ, ಹಿರಿಯರು ಪರಸ್ಪರ ಮಾತನಾಡಲಿ ಎಂಬುದು ಅದರ ಉದ್ದೇಶ. ಅದೇ ವರ್ಷದ ಪರ್ಯೂಷಣ ಪರ್ವದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಮಗಂಜದ ಜೈನ ಬಂಧುಗಳು 24 ತಾಸು ಮೊಬೈಲ್ ತ್ಯಾಗ ಮಾಡಿದರು. ಎಲ್ಲರೂ ಒಂದೇ ಹೊತ್ತಿಗೆ ಎಸೆಯುವುದನ್ನು ನಿಲ್ಲಿಸಿದರೆ ಯಾರ ಅಂಗಳಕ್ಕೂ ಏನೂ ಬೀಳುವುದಿಲ್ಲ. ಸೈರನ್ ಹೊರಗಿನ ನೆರವು, ಸಂಕಲ್ಪವು ಒಳಗಿನದು. ಸೈರನ್ ನಿಂತ ದಿನವೂ ಸಂಕಲ್ಪವು ನಿಲ್ಲಬಲ್ಲುದು.

ಬೋರಗಾಂವದಂಥ ಊರುಗಳ ಶ್ರಾವಕ ಕುಟುಂಬಗಳು ಬರುವ ಅಷ್ಟಮಿಯಿಂದಲೇ ಇದನ್ನು ಆರಂಭಿಸಬಹುದು. ಸಂಧ್ಯಾಕಾಲದ ಸಾಮಾಯಿಕಕ್ಕೆ ಮುಂಚೆ ಮನೆಯವರೆಲ್ಲರೂ ಕೂಡಿ ಕಾಲವನ್ನೂ ಮೇರೆಯನ್ನೂ ಅಪವಾದವನ್ನೂ ನಿಶ್ಚಯಿಸಿ, ಫೋನುಗಳನ್ನು ಒಂದೆಡೆ ಇಡಲಿ. ಮುಗಿದ ಮೇಲೆ, ಬಂದುದನ್ನು ನೋಡುವ ಮೊದಲು, ಆ ದಿನ ತಾವು ಯಾರಿಗೆ ಏನನ್ನು ಕಳುಹಿಸಿದೆವೆಂಬುದನ್ನು ಪ್ರತಿಕ್ರಮಣದಲ್ಲಿ ನೆನೆಯಲಿ. ನೋಯಿಸಿದ ಮಾತು ಅದರಲ್ಲಿ ಇದ್ದರೆ, ಫೋನು ತೆರೆದೊಡನೆ ಕಳುಹಿಸುವ ಮೊದಲ ಮಾತು ಕ್ಷಮಾಯಾಚನೆಯಾಗಲಿ.