ಅಡ್ಡಪಲ್ಲಕ್ಕಿಯ ಮುಂದಿನ ಕತ್ತಿ

ಬಾಳೆಹೊನ್ನೂರಿನ ವೀರಶೈವ ರಂಭಾಪುರಿ ಪೀಠದ್ದು ವೀರಸಿಂಹಾಸನ. ಭದ್ರೆಯ ದಂಡೆಯ ಈ ಕ್ಷೇತ್ರಕ್ಕೆ ವೀರಭದ್ರನೇ ನಾಥ. ಜಗದ್ಗುರುಗಳ ಅಡ್ಡಪಲ್ಲಕ್ಕಿ ಹೊರಟಿತೆಂದರೆ ಮುಂದೆ ವೀರಭದ್ರನ ಕುಣಿತದವರಾದ ವೀರಗಾಸೆಯವರೋ ಪುರವಂತರೋ ಇರಬೇಕು. ಕಾವಿ ಕಚ್ಚೆ, ಕೊರಳಲ್ಲಿ ರುದ್ರಾಕ್ಷಿ, ಹಣೆ ತುಂಬ ವಿಭೂತಿ, ಬಲಗೈಯಲ್ಲಿ ಹಿರಿದ ಕತ್ತಿ. ಸಮಾಳ ವಾದ್ಯದ ಪೆಟ್ಟಿಗೆ ಕುಣಿತ. ಪೆಟ್ಟು ನಿಂತ ಕೂಡಲೇ ಒಬ್ಬ ಗಂಟಲೆತ್ತಿ ವೀರಭದ್ರನ ಒಡಪು ಹೇಳುತ್ತಾನೆ. ನೋಡಿದರೆ ಕಾವಲು ಪಡೆಯೇ. ಆದರೆ ಯಾರಿಂದ ಕಾವಲು? ರಸ್ತೆಯ ಎರಡೂ ಬದಿ ನಿಂತವರೆಲ್ಲ ಕೈಮುಗಿದವರು.

ಫ್ರೀಮೇಸನ್ನರೆಂಬ ಸಂಘದವರ ಲಾಡ್ಜಿನಲ್ಲೂ ಸಭೆ ನಡೆಯುವಾಗ ಟೈಲರ್ ಎಂಬವನು ಬಾಗಿಲಾಚೆ ಕತ್ತಿ ಹಿರಿದು ನಿಲ್ಲುತ್ತಾನೆ. ಹೊರಗಿನವರು ಒಳಗೆ ಬರಬಾರದು, ಅಷ್ಟೇ. ವೀರಗಾಸೆಯ ಕತ್ತಿಗೆ ಕಾಯಲು ಬಾಗಿಲೇ ಇಲ್ಲ, ಅದು ನಡುಬೀದಿಯಲ್ಲಿ ತಿರುಗುತ್ತದೆ.

ಒಡಪಿನ ಕಥೆ ದಕ್ಷಯಜ್ಞದ್ದು. 13ನೆಯ ಶತಮಾನದ ರಾಘವಾಂಕ ಇದನ್ನೇ ‘ವೀರೇಶ ಚರಿತೆ’ಯಾಗಿಸಿದ. ಮಾವ ದಕ್ಷ ಅಳಿಯ ಶಿವನನ್ನು ಬಿಟ್ಟು ಯಜ್ಞ ಮಾಡಿದ. ಕರೆಯದೆ ಬಂದ ಮಗಳು ದಾಕ್ಷಾಯಿಣಿ ಅವಮಾನ ತಾಳದೆ ಬೆಂಕಿ ಹೊಕ್ಕಳು. ಶಿವ ಜಟೆ ಕಿತ್ತು ಅಪ್ಪಳಿಸಿದಾಗ ಹುಟ್ಟಿದವನು ವೀರಭದ್ರ. ದಕ್ಷನ ತಲೆ ಹಾರಿತು. ಅಲ್ಲಿಗೇ ನಿಂತಿದ್ದರೆ ಬರೀ ಸೇಡಿನ ಕಥೆ. ಆದರೆ ವೀರಭದ್ರನ ವಿಗ್ರಹದ ಹತ್ತಿರ ಹೋಗಿ ನೋಡಿ: ಎಷ್ಟೋ ಕಡೆ ಕಾಲ ಬಳಿ ಕುರಿದಲೆಯ ಪುಟ್ಟ ಆಕೃತಿಯೊಂದು ಕೈಮುಗಿದು ನಿಂತಿರುತ್ತದೆ. ದಕ್ಷನೇ ಅವನು. ತಲೆ ಕಡಿಸಿಕೊಂಡವನನ್ನು ಆಚೆ ಹಾಕಿಲ್ಲ. ದೇವರಿಗೇರಿಸಿದ ಹೂವಿನ ಒಂದೆರಡು ಎಸಳು ಅವನ ಮೇಲೂ ಬಿದ್ದಿರುತ್ತವೆ.

ಇನ್ನೂ ವಿಚಿತ್ರ, ಪುರವಂತರು ಶಸ್ತ್ರ ಹಾಕಿಕೊಳ್ಳುವುದು. ಕೆನ್ನೆಗೆ ಚೂಪಾದ ಸಲಾಕೆ ಹಾಯಿಸಿಕೊಳ್ಳುತ್ತಾರೆ. ನನಗದು ನೋಡಲಾಗದು, ಮೆಚ್ಚುವ ಮಾತಂತೂ ದೂರ. ಆದರೂ ಅದರೊಳಗೊಂದು ನ್ಯಾಯವಿದೆ ಅನಿಸುತ್ತದೆ: ಪರರ ಮೇಲೆ ಎತ್ತಬಹುದಾದ ಕಬ್ಬಿಣ ಮೊದಲು ತನ್ನ ಮೈಯನ್ನೇ ಹೊಕ್ಕು ಬರಲಿ. ಹಾಗೆ ನೋಡಿದರೆ ಇವರು ಕಾಯುತ್ತಿರುವುದು ಪಲ್ಲಕ್ಕಿಯನ್ನಲ್ಲ, ಒಂದು ಹಳೆಯ ಕೋಪವನ್ನು. ಅನ್ಯಾಯ ಕಂಡಾಗ ಅದು ಏಳಬೇಕು, ಆದ್ದರಿಂದ ಸಾಯಬಾರದು. ಹರಿಯಬಿಟ್ಟರೆ ಊರು ಉಳಿಯದು, ಆದ್ದರಿಂದ ತಾಳಕ್ಕೆ ಕಟ್ಟಿ ಕುಣಿಸಬೇಕು.

ಈಚೆಗೆ ಹೆಣ್ಣುಮಕ್ಕಳ ವೀರಗಾಸೆ ತಂಡಗಳೂ ಬಂದಿವೆ. ಗಂಡುಕಲೆ ಎಂದು ಮೂಗು ಮುರಿಯುವವರೂ ಇರಬಹುದು. ಯಜ್ಞಶಾಲೆಯಲ್ಲಿ ಅವಮಾನ ಉಂಡವಳು ದಾಕ್ಷಾಯಿಣಿ ತಾನೆ?